ಐದು ತೋರಿಸುವ ಯಂತ್ರ, ಮೂವತ್ತು ಅಡಿ ನೀರು

ಪ್ರಶ್ನೆ: ನಾವು ತುಂಗಭದ್ರಾ ಜಲಾಶಯದ ಕೊಪ್ಪಳ ಕಡೆಯ ಹಿನ್ನೀರಿನಲ್ಲಿ ಮೀನು ಹಿಡಿದು ಬದುಕುವವರು. ನಾನು ಮತ್ತು ನನ್ನ ತಮ್ಮ ಸೇರಿ ಒಂದು ಸಣ್ಣ ಫೈಬರ್ ದೋಣಿ ಇಟ್ಟುಕೊಂಡಿದ್ದೇವೆ, ಅದಕ್ಕೆ ಪೆಟ್ರೋಲ್ ಮೋಟಾರ್ ಇದೆ. ಕರಾವಳಿಯ ಒಬ್ಬ ದೋಣಿಯವರಿಂದ ನೀರಿನ ಆಳವನ್ನೂ ಮೀನನ್ನೂ ಪರದೆಯ ಮೇಲೆ ತೋರಿಸುವ ಹಳೆಯ ಫಿಶ್ ಫೈಂಡರ್ ಯಂತ್ರ ಕೊಂಡೆವು. ಅದು ಅರ್ಧ ಗಂಟೆ ನಡೆದು ತಾನಾಗಿಯೇ ಆರಿಹೋಗುತ್ತದೆ. ಹಗ್ಗ ಬಿಟ್ಟು ಅಳೆದರೆ ಮೂವತ್ತು ಅಡಿ ನೀರಿರುವ ಕಡೆ ಯಂತ್ರ ಐದು ಎನ್ನುತ್ತದೆ. ಮೋಟಾರ್ ಜೋರು ಮಾಡಿದರೆ ತಳದ ಗೆರೆ ಮಾಯವಾಗುತ್ತದೆ. ರಾತ್ರಿ ಪರದೆ ತುಂಬ ಗೆರೆ, ಮಳೆಗಾಲದಲ್ಲಿ ಪರದೆ ತುಂಬ ಚುಕ್ಕೆ. ಮೀನಿನ ಚಿತ್ರ ಬಂದ ಕಡೆ ಬಲೆ ಹಾಕಿದರೆ ಬರಿಗೈ. ರಿಪೇರಿಯವರೊಬ್ಬರು ಬೋರ್ಡ್ ಹೋಗಿದೆ, ಹೊಸದು ತೆಗೆದುಕೊಳ್ಳಿ ಎಂದರು. ಏನು ಮಾಡಬೇಕು?

ಉತ್ತರ: ಹೊಸದು ಕೊಳ್ಳಬೇಡಿ, ಈಗಲೇ ಬೇಡ. ನೀವು ಐದಾರು ತೊಂದರೆ ಬರೆದಿದ್ದೀರಿ. ಬೋರ್ಡ್ ಹೋದ ಯಂತ್ರ ಹೀಗೆ ಹೊತ್ತಿಗೊಂದು, ಜಾಗಕ್ಕೊಂದು ತೊಂದರೆ ಕೊಡುವುದು ಅಪರೂಪ. ಅದು ಹೆಚ್ಚಾಗಿ ಒಂದೇ ಸಲ ಮಲಗಿಬಿಡುತ್ತದೆ. ಮಲ್ಪೆ ಬಂದರಿನಲ್ಲಿ ಹನ್ನೊಂದು ವರ್ಷ ಬೋಟುಗಳ ಎಕೋ ಸೌಂಡರ್ (ಸದ್ದಿನಿಂದ ಆಳ ಅಳೆಯುವ ಯಂತ್ರ) ರಿಪೇರಿ ಮಾಡಿ, ಈಗ ಗಂಗಾವತಿಯಲ್ಲಿ ಪಂಪ್‌ಸೆಟ್ ಸ್ಟಾರ್ಟರಿನಿಂದ ಹಿಡಿದು ಇಂತಹ ಯಂತ್ರಗಳವರೆಗೆ ನೋಡುತ್ತಿದ್ದೇನೆ. ನನ್ನ ಮೇಜಿಗೆ ಬಂದ ಫಿಶ್ ಫೈಂಡರುಗಳಲ್ಲಿ ಹೆಚ್ಚಿನವು ಒಳಗೆ ಸರಿಯಾಗಿಯೇ ಇದ್ದವು. ಕೆಟ್ಟಿದ್ದು ಬ್ಯಾಟರಿ, ಪ್ಲಗ್ ಅಥವಾ ನೀರಿಗೆ ಬಿಡುವ ಬಿಲ್ಲೆಯನ್ನು ಕಟ್ಟಿದ ಗಳ. ಅದನ್ನು ನೋಡದೆ ಬಡವರ ಕೈಯಿಂದ ಹೊಸ ಯಂತ್ರ ಕೊಳ್ಳಿಸುವುದು ನನಗೆ ಸಹಿಸಲಾಗದ ಸಂಗತಿ.

ಯಂತ್ರ ಮಾಡುವ ಕೆಲಸ ಇಷ್ಟು. ನೀರಿಗೆ ಇಳಿಬಿಡುವ ಕಪ್ಪು ಬಿಲ್ಲೆಗೆ ಟ್ರಾನ್ಸ್‌ಡ್ಯೂಸರ್ ಎಂದು ಹೆಸರು, ನಮ್ಮ ಕಡೆ ಸೆನ್ಸರ್ ಎನ್ನುತ್ತಾರೆ. ಅದರೊಳಗೆ ಒಂದು ಹರಳಿದೆ. ಕರೆಂಟು ತಾಗಿದಾಗ ಆ ಹರಳು ನಡುಗಿ ನೀರಿನಲ್ಲಿ ಸದ್ದು ಮಾಡುತ್ತದೆ. ಸದ್ದು ತಳಕ್ಕೆ ಹೋಗಿ ಬಡಿದು ತಿರುಗಿ ಬಂದು ಅದೇ ಹರಳನ್ನು ಅಲುಗಿಸುತ್ತದೆ. ಹೋಗಿ ಬರಲು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಆಳದ ಲೆಕ್ಕ. ಸಿಹಿನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ, ನೀರು ಬೆಚ್ಚಗಾದಷ್ಟೂ ಇನ್ನು ಸ್ವಲ್ಪ ವೇಗ. ನಿಮ್ಮ ಮೂವತ್ತು ಅಡಿ ನೀರಿನಲ್ಲಿ ಹೋಗಿ ಬರಲು ಒಂದು ಸೆಕೆಂಡಿನ ನೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಸಾಕು. ಇಷ್ಟು ಸಣ್ಣ ಹೊತ್ತನ್ನು ಅಳೆಯುವ ಯಂತ್ರಕ್ಕೆ ಬೇಕಾಗಿರುವುದು ಮೂರು: ಹೊಟ್ಟೆ ತುಂಬ ಕರೆಂಟು, ನೀರನ್ನು ಸರಿಯಾಗಿ ಮುಟ್ಟಿರುವ ಬಿಲ್ಲೆ, ನಡುವೆ ಬೇರೆ ಗದ್ದಲವಿಲ್ಲದ ದಾರಿ. ಈ ಮೂರರಲ್ಲಿ ಎಲ್ಲಿ ಕಡಿದಿದೆ ಎಂದು ಹುಡುಕುತ್ತ ಹೋದರೆ ನಿಮ್ಮ ಪ್ರಶ್ನೆಗಳೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಬ್ಯಾಟರಿಯಿಂದ ಶುರು ಮಾಡೋಣ. ಅರ್ಧ ಗಂಟೆಗೆ ಆರುವ ಯಂತ್ರಕ್ಕೆ ನೀವು ಯಾವ ಬ್ಯಾಟರಿ ಹಾಕಿದ್ದೀರಿ ಎಂದು ಬರೆದಿಲ್ಲ, ಆದರೆ ನಮ್ಮ ಹಿನ್ನೀರಿನಲ್ಲಿ ನಾನು ಕಂಡ ದೋಣಿಗಳಲ್ಲೆಲ್ಲ ಬೈಕಿನಿಂದ ಬಿಚ್ಚಿದ ಹಳೆಯ ಬ್ಯಾಟರಿಯೇ ಕೂತಿರುತ್ತದೆ. ಬೈಕ್ ಬ್ಯಾಟರಿಯನ್ನು ಮಾಡಿರುವುದು ಒಂದು ಕ್ಷಣ ಜೋರಾಗಿ ಕರೆಂಟು ಕೊಟ್ಟು ಎಂಜಿನ್ ತಿರುಗಿಸಲು. ಗಂಟೆಗಟ್ಟಲೆ ಸಣ್ಣಗೆ ಕೊಡುತ್ತ ಕೂರುವ ಕೆಲಸ ಅದಕ್ಕೆ ಒಗ್ಗುವುದಿಲ್ಲ. ಅದೂ ಬೈಕಿಗೇ ಬೇಡವಾದದ್ದು ದೋಣಿಗೆ ಎಷ್ಟು ದಿನ ಬಂದೀತು? ಸಣ್ಣ ಪರದೆಯ ಫಿಶ್ ಫೈಂಡರ್ ಅರ್ಧ ಆಂಪಿಯರ್ ಆಸುಪಾಸು ಎಳೆಯುತ್ತದೆ. ಯುಪಿಎಸ್ ಒಳಗೆ ಬರುವ 12 ವೋಲ್ಟ್, 7 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿ ಒಳ್ಳೆಯದಿದ್ದರೆ ಒಂದು ಇಡೀ ರಾತ್ರಿ ನಡೆಸಬೇಕು.

ಮಲ್ಟಿಮೀಟರ್ ಒಂದು ಕೊಂಡುಕೊಳ್ಳಿ, ಅಥವಾ ಊರಿನ ಮೋಟಾರ್ ರಿಪೇರಿಯವರಿಂದ ಒಂದು ದಿನಕ್ಕೆ ತನ್ನಿ. ಬ್ಯಾಟರಿಗೆ ಏನನ್ನೂ ಜೋಡಿಸದೆ ಅಳೆದರೆ 12.6 ವೋಲ್ಟ್ ತೋರಿಸಬಹುದು, ಅದನ್ನು ನಂಬಬೇಡಿ. ಯಂತ್ರ ಆನ್ ಮಾಡಿ, ಹತ್ತು ನಿಮಿಷ ಬಿಟ್ಟು, ಯಂತ್ರ ಓಡುತ್ತಿರುವಾಗಲೇ ಅಳೆಯಿರಿ. ಅಂಕೆ 11ಕ್ಕಿಂತ ಕೆಳಗೆ ಜಾರುತ್ತಿದ್ದರೆ ಬ್ಯಾಟರಿ ಮುಗಿದಿದೆ. 10 ವೋಲ್ಟಿನ ಆಸುಪಾಸಿಗೆ ಬಂದರೆ ಬಹುಪಾಲು ಯಂತ್ರಗಳು ತಾವಾಗಿಯೇ ಆರುತ್ತವೆ. ಬ್ಯಾಟರಿ ಹತ್ತಿರ 12.3 ಇದ್ದು ಯಂತ್ರದ ಪ್ಲಗ್ ಹತ್ತಿರ 11.5 ಇದ್ದರೆ, ಕಳ್ಳ ನಡುವಿನ ವೈರಿನಲ್ಲಿದ್ದಾನೆ. ತಿರುಚಿ ಟೇಪ್ ಸುತ್ತಿದ ಜೋಡಣೆ ಇದೆಯೇ ನೋಡಿ. ಟೇಪ್ ಬಿಚ್ಚಿದರೆ ತಾಮ್ರ ಹಸಿರಾಗಿರುತ್ತದೆ. ಕತ್ತರಿಸಿ ತೆಗೆದು, ಹೊಸ ವೈರ್ ಬೆಸುಗೆ ಹಾಕಿಸಿ. ಫ್ಯೂಸ್ ಸುಟ್ಟಿದ್ದರೆ ಯಂತ್ರದ ಪುಸ್ತಕದಲ್ಲಿ ಹೇಳಿದ ಆಂಪಿಯರಿನದೇ ಹಾಕಿ. ಅದರ ಜಾಗದಲ್ಲಿ ವೈರಿನ ಎಳೆ ಸುತ್ತುವ ನಮ್ಮ ಊರ ಅಭ್ಯಾಸವನ್ನು ದಯವಿಟ್ಟು ಬಿಡಿ, ಬೋರ್ಡ್ ನಿಜವಾಗಿ ಹೋಗುವುದು ಆಗಲೇ. ಇನ್ನೊಂದು ಮಾತು: ಇಳಿದ ಲೆಡ್ ಬ್ಯಾಟರಿಯನ್ನು ಚಾರ್ಜ್ ಮಾಡದೆ ಹಾಗೆಯೇ ಇಟ್ಟರೆ ಅದರ ಶಕ್ತಿ ಕುಂದುತ್ತದೆ. ದಡಕ್ಕೆ ಬಂದ ದಿನವೇ ಚಾರ್ಜಿಗೆ ಹಾಕಿ.

ರಾತ್ರಿ ಬರುವ ಗೆರೆಗಳು ಇದಕ್ಕೆ ಅಂಟಿಕೊಂಡ ವಿಷಯ. ರಾತ್ರಿ ಮಾತ್ರ ಎಂದು ನೀವು ಬರೆದದ್ದೇ ದೊಡ್ಡ ಸುಳಿವು. ರಾತ್ರಿ ಅದೇ ಬ್ಯಾಟರಿಯಿಂದ ಎಲ್‌ಇಡಿ ಲೈಟ್ ಉರಿಸುತ್ತೀರಿ, ಮೊಬೈಲ್ ಚಾರ್ಜಿಗೆ ಹಾಕುತ್ತೀರಿ, ಅಲ್ಲವೇ? ಅಗ್ಗದ ಲೈಟಿನೊಳಗೆ ಮತ್ತು ಕಾರಿನ ಮೊಬೈಲ್ ಚಾರ್ಜರಿನೊಳಗೆ ವೋಲ್ಟೇಜ್ ಬದಲಿಸುವ ಸರ್ಕಿಟ್ ಇರುತ್ತದೆ. ಅದು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತ ವೈರಿಗೆ ಗದ್ದಲ ಬಿಡುತ್ತದೆ. ತಳದಿಂದ ಬರುವ ಸಣ್ಣ ಪ್ರತಿಧ್ವನಿಗೆ ಕಿವಿಗೊಟ್ಟು ಕೂತ ಯಂತ್ರಕ್ಕೆ ಅದು ಸಂತೆಯ ನಡುವೆ ಪಿಸುಮಾತು ಕೇಳಿದ ಹಾಗೆ. ಒಂದು ರಾತ್ರಿ ಮೋಟಾರ್ ನಿಲ್ಲಿಸಿ, ಎಲ್ಲವನ್ನೂ ಕಿತ್ತು, ಯಂತ್ರವೊಂದನ್ನೇ ಬಿಡಿ. ಗೆರೆ ಹೋಯಿತೇ? ಈಗ ಲೈಟ್ ಹಾಕಿ ನೋಡಿ, ಆಮೇಲೆ ಚಾರ್ಜರ್, ಆಮೇಲೆ ಮೋಟಾರ್. ಯಾವುದರ ಜೊತೆ ಗೆರೆ ಬಂತೋ ಅದೇ ತಪ್ಪಿತಸ್ಥ. ಯಂತ್ರಕ್ಕೆ ಅದರದೇ ಬ್ಯಾಟರಿ ಕೊಡುವುದು ಎಲ್ಲಕ್ಕಿಂತ ನೇರ ಪರಿಹಾರ. ಟ್ರಾನ್ಸ್‌ಡ್ಯೂಸರಿನ ಕೇಬಲ್ಲನ್ನು ಮೋಟಾರಿನ ವೈರುಗಳ ಜೊತೆ ಕಟ್ಟಿದ್ದರೆ ಬಿಚ್ಚಿ ದೋಣಿಯ ಇನ್ನೊಂದು ಮಗ್ಗುಲಿನಿಂದ ತನ್ನಿ. ಉದ್ದವಾಯಿತೆಂದು ಆ ಕೇಬಲ್ಲನ್ನು ಮಾತ್ರ ಎಂದೂ ಕತ್ತರಿಸಬೇಡಿ. ಅದರ ಒಳಗೆ ಗದ್ದಲ ತಡೆಯುವ ಜಾಲರಿ ಹೊದಿಕೆ ಇದೆ, ಒಮ್ಮೆ ಕಡಿದು ಸೇರಿಸಿದರೆ ಆ ಹೊದಿಕೆ ಮೊದಲಿನಂತೆ ಕೂರುವುದಿಲ್ಲ.

ಪ್ಲಗ್ಗನ್ನೂ ಬಿಚ್ಚಿ ನೋಡಿ. ಹೋದ ವರ್ಷ ಕಂಪ್ಲಿ ಕಡೆಯಿಂದ ಒಬ್ಬರು ತಂದ ಯಂತ್ರ ನೆನಪಿದೆ. ಮೂರು ಕಡೆ ತೋರಿಸಿ ಬಂದಿದ್ದರು. ಪ್ಲಗ್ ಕಿತ್ತು ಭೂತಗನ್ನಡಿ ಹಿಡಿದು ನೋಡಿದೆ. ಪಿನ್ನುಗಳೆಲ್ಲ ಹೊಳೆಯುತ್ತಿದ್ದವು, ಒಂದರ ಬುಡದಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಹಸಿರು ಕಿಲುಬು. ಹಲ್ಲುಜ್ಜುವ ಹಳೆಯ ಬ್ರಷ್ಷಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೆಲ್ಲಗೆ ಉಜ್ಜಿದೆ, ಆರಲು ಬಿಟ್ಟೆ, ಮತ್ತೆ ಒತ್ತಿದೆ. ತಳ ಬಂತು. ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮದು ಕಡಲಿನ ಮೇಲೆ ದುಡಿದು ಬಂದ ಯಂತ್ರ, ಉಪ್ಪು ಗಾಳಿ ಕುಡಿದಿದೆ. ಹಾಗಾಗಿ ಪ್ಲಗ್ ತಪಾಸಣೆಯನ್ನು ಬಿಡಲೇಬೇಡಿ.

ಈಗ ಆ ಐದರ ಗುಟ್ಟು. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಸಾಲು ಅದೇ, ಯಾಕೆಂದರೆ ಯಂತ್ರ ಗಟ್ಟಿಮುಟ್ಟಾಗಿದೆ ಎಂದು ಅದೇ ಹೇಳುತ್ತಿದೆ. ಕಡಲಿನವರು ಆಳವನ್ನು ಫ್ಯಾದಮ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಫ್ಯಾದಮ್ ಎಂದರೆ ಆರು ಅಡಿ, ನಮ್ಮ ಹಿರಿಯರು ಎರಡು ಕೈ ಚಾಚಿ ಹಗ್ಗ ಅಳೆಯುತ್ತಿದ್ದ ಒಂದು ಮಾರಿನಷ್ಟು. ಐದು ಮಾರು ಎಂದರೆ ಮೂವತ್ತು ಅಡಿ. ಯಂತ್ರ ಸರಿಯಾಗಿಯೇ ಅಳೆದಿದೆ, ಹೇಳುವ ಭಾಷೆ ಕಡಲಿನದು, ಅಷ್ಟೆ. ಸೆಟ್ಟಿಂಗ್ಸ್‌ಗೆ ಹೋಗಿ ಯೂನಿಟ್ಸ್ ಎಂಬಲ್ಲಿ ಅಡಿ ಅಥವಾ ಮೀಟರ್ ಆರಿಸಿ. ಅಲ್ಲೇ ನೀರಿನ ಬಗೆ ಎಂಬುದೊಂದು ಇರುತ್ತದೆ. ಅದು ಉಪ್ಪುನೀರಿನಲ್ಲಿ ನಿಂತಿದ್ದರೆ ಸಿಹಿನೀರಿಗೆ ಬದಲಿಸಿ. ಉಪ್ಪುನೀರಿನಲ್ಲಿ ಸದ್ದು ಇನ್ನಷ್ಟು ವೇಗವಾಗಿ ಓಡುವುದರಿಂದ ಯಂತ್ರ ನಮ್ಮ ನೀರಿನ ಆಳವನ್ನು ನೂರಕ್ಕೆ ಎರಡು ಮೂರು ಪಾಲು ಹೆಚ್ಚು ತೋರಿಸುತ್ತದೆ. ಎಷ್ಟು ಆಳದವರೆಗೆ ತೋರಿಸಬೇಕು ಎಂಬ ರೇಂಜ್ ಮ್ಯಾನುಯಲ್ಲಿನಲ್ಲಿ ಬೀಗ ಹಾಕಿದ್ದರೆ ಆಟೋಗೆ ತನ್ನಿ. ಬದಲಿಸುವ ಮುಂಚೆ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಎಡವಟ್ಟಾದರೆ ಹಿಂದಿರುಗಲು ದಾರಿ ಇರಲಿ.

ಸೆಟ್ಟಿಂಗ್ಸ್‌ನಲ್ಲಿರುವಾಗಲೇ ಡೆಮೊ ಅಥವಾ ಸಿಮ್ಯುಲೇಟರ್ ಎಂಬುದು ಆಫ್ ಇದೆಯೇ ನೋಡಿ. ಅದು ಅಂಗಡಿಯಲ್ಲಿ ಗಿರಾಕಿಗೆ ತೋರಿಸಲು ಇಟ್ಟ ಸಿನಿಮಾ. ಟ್ರಾನ್ಸ್‌ಡ್ಯೂಸರ್ ಜೋಡಿಸದಿದ್ದರೂ ಪರದೆಯ ಮೇಲೆ ಆಳ ಏರುತ್ತದೆ ಇಳಿಯುತ್ತದೆ, ಮೀನು ಸಾಲುಗಟ್ಟಿ ಹೋಗುತ್ತವೆ. ಒಬ್ಬ ಹುಡುಗ ಹದಿನೈದು ದಿನ ಆ ಸಿನಿಮಾ ನಂಬಿ ಬಲೆ ಹಾಕಿದ್ದನ್ನು ಕೇಳಿ ನನ್ನ ಹೊಟ್ಟೆ ಉರಿದಿತ್ತು. ಪರೀಕ್ಷೆ ಸುಲಭ: ಟ್ರಾನ್ಸ್‌ಡ್ಯೂಸರನ್ನು ನೀರಿನಿಂದ ಮೇಲೆತ್ತಿ. ಆಗಲೂ ತಳ ಕಾಣುತ್ತಿದ್ದರೆ ನೀವು ನೋಡುತ್ತಿರುವುದು ಹಿನ್ನೀರನ್ನಲ್ಲ. ಮೇಲೆತ್ತಿದಾಗ ಬಿಲ್ಲೆಯನ್ನು ಕಿವಿಯ ಬಳಿ ಒಂದೆರಡು ಕ್ಷಣ ಹಿಡಿದು ಕೇಳಿ. ಎಷ್ಟೋ ಮಾದರಿಗಳಲ್ಲಿ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳುತ್ತದೆ, ಹರಳು ಬದುಕಿದೆ ಎಂಬುದಕ್ಕೆ ಅದು ಸಾಕ್ಷಿ. ಬಹಳ ಹೊತ್ತು ಗಾಳಿಯಲ್ಲಿ ಓಡಿಸಬೇಡಿ.

ಮೋಟಾರ್ ಜೋರು ಮಾಡಿದಾಗ ತಳ ಮಾಯವಾಗುವುದು ಗಾಳಿಗುಳ್ಳೆಯ ಕೆಲಸ. ನೀರಿನೊಳಗಿನ ಸದ್ದು ಗಾಳಿಯನ್ನು ದಾಟುವುದಿಲ್ಲ, ಗುಳ್ಳೆಗೆ ಬಡಿದು ಹೆಚ್ಚುಕಡಿಮೆ ಪೂರ್ತಿ ಹಿಂದಿರುಗುತ್ತದೆ. ಹಾಳೆಯಷ್ಟು ತೆಳುವಾದ ಗಾಳಿಯ ಪದರ ಬಿಲ್ಲೆಯ ಕೆಳಗೆ ಬಂದರೂ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ನಿಮ್ಮ ಬಿಲ್ಲೆ ಮೋಟಾರಿನ ಫ್ಯಾನಿನ (ನೀರು ತಳ್ಳುವ ರೆಕ್ಕೆಯ) ಹತ್ತಿರ ಇದ್ದರೆ ಅಲ್ಲಿಂದ ತೆಗೆಯಿರಿ. ದೋಣಿಯ ಪಕ್ಕಕ್ಕೆ ಕಬ್ಬಿಣದ ಪೈಪಿಗೆ ಕ್ಲ್ಯಾಂಪ್ ಹಾಕಿ ಕಟ್ಟಿ, ಬಿಲ್ಲೆ ನೀರಿನ ಮೇಲ್ಮೈಯಿಂದ ಕನಿಷ್ಠ ಅರ್ಧ ಅಡಿ ಕೆಳಗಿರಲಿ. ಬಿದಿರಿನ ಗಳವನ್ನು ಹಗ್ಗದಲ್ಲಿ ಕಟ್ಟಿದರೆ ದೋಣಿ ಓಡುವಾಗ ಅದು ನಡುಗುತ್ತದೆ, ಹಿಂದಕ್ಕೆ ವಾಲುತ್ತದೆ. ಬಿಲ್ಲೆಯ ಮುಖ ನೆಟ್ಟಗೆ ತಳವನ್ನೇ ನೋಡಬೇಕು. ಗಾರೆ ಕೆಲಸದವರ ರಸಮಟ್ಟವನ್ನು ಅದರ ಬೆನ್ನಿಗಿಟ್ಟು ಎರಡೂ ದಿಕ್ಕಿನಲ್ಲಿ ನೋಡಿ. ದೋಣಿ ಖಾಲಿ ಇದ್ದಾಗ ಅಲ್ಲ, ಇಬ್ಬರೂ ಕೂತು ಬಲೆ ಹೇರಿಕೊಂಡಾಗ ನೋಡಿ, ಯಾಕೆಂದರೆ ಭಾರಕ್ಕೆ ದೋಣಿ ಹಿಂದಕ್ಕೆ ಇಳಿಯುತ್ತದೆ.

ಕೆಲವರು ಬಿಲ್ಲೆಯನ್ನು ಫೈಬರ್ ದೋಣಿಯ ಒಳತಳಕ್ಕೇ ಅಂಟಿಸುತ್ತಾರೆ. ಫೈಬರ್ ಗಟ್ಟಿಯಾಗಿದ್ದು, ನಡುವೆ ಥರ್ಮಾಕೋಲ್ ಅಥವಾ ಪ್ಲೈವುಡ್ ಇಲ್ಲದಿದ್ದರೆ, ಎಪಾಕ್ಸಿಯಿಂದ ಗುಳ್ಳೆಯಿಲ್ಲದೆ ಅಂಟಿಸಿದರೆ ನಡೆಯುತ್ತದೆ. ಸಿಲಿಕಾನ್ ಬೇಡ, ಒಳಗೆ ಗುಳ್ಳೆ ಉಳಿಯುತ್ತದೆ. ನಮ್ಮ ತೆಪ್ಪಗಳಿಗಂತೂ ಈ ಉಪಾಯ ಆಗುವುದೇ ಇಲ್ಲ. ಬಿದಿರ ಹೆಣಿಗೆ, ಅದರ ಹೊರಗೆ ಹೊದಿಕೆ, ಮೇಲೆ ಡಾಂಬರು, ನಡುವೆಲ್ಲ ಗಾಳಿ. ತೆಪ್ಪದಲ್ಲಿ ಬಿಲ್ಲೆ ಅಂಚಿನಿಂದ ಹೊರಗೆ ನೇತಾಡಲೇಬೇಕು.

ಇನ್ನು ಮಳೆಗಾಲದ ಚುಕ್ಕೆಗಳು. ಇವುಗಳಲ್ಲಿ ಯಂತ್ರದ ತಪ್ಪು ಕಡಿಮೆ, ನೀರಿನ ಪಾಲು ಹೆಚ್ಚು. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಬರುವ ಕೆಂಪು ನೀರು ಮಣ್ಣು, ಕಸ, ನೊರೆ ಎಲ್ಲವನ್ನೂ ಹೊತ್ತು ತರುತ್ತದೆ. ಆ ಒಂದೊಂದು ಕಸವೂ ನೊರೆಯ ಗುಳ್ಳೆಯೂ ಸದ್ದನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ಕಳಿಸುತ್ತವೆ. ಎಷ್ಟು ಸಣ್ಣ ಪ್ರತಿಧ್ವನಿಯವರೆಗೆ ಹಿಡಿಯಬೇಕು ಎಂಬ ಸೆನ್ಸಿಟಿವಿಟಿ ಆಟೋದಲ್ಲಿದ್ದರೆ ಯಂತ್ರ ಎಲ್ಲವನ್ನೂ ಬರೆದಿಡುತ್ತದೆ. ಮ್ಯಾನುಯಲ್ಲಿಗೆ ತಂದು, ತಳದ ಗೆರೆ ದಪ್ಪವಾಗಿಯೇ ಉಳಿದು ಚುಕ್ಕೆಗಳು ಮಾಸುವವರೆಗೆ ಒಂದೊಂದೇ ಮೆಟ್ಟಿಲು ಇಳಿಸಿ. ತೀರಾ ಇಳಿಸಿದರೆ ಮೀನೂ ಮಾಸುತ್ತದೆ, ಅದಕ್ಕೇ ಮೆಲ್ಲಗೆ ಎಂದದ್ದು. ಮೇಲ್ಮೈ ಗದ್ದಲ ತೆಗೆಯುವ ಫಿಲ್ಟರ್ ಇದ್ದರೆ ಹಾಕಿ. ಬೇಸಿಗೆಯಲ್ಲಿ ನೀರು ಹಸಿರಾದಾಗ ಬಿಲ್ಲೆಗೆ ಲೋಳೆ ಹಿಡಿಯುತ್ತದೆ, ಅದೂ ಸದ್ದನ್ನು ನುಂಗುತ್ತದೆ. ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬಟ್ಟೆ, ಇಷ್ಟೇ ಸಾಕು. ಚಾಕುವಿನಿಂದ ಹೆರೆಯುವುದು, ಪೆಟ್ರೋಲ್ ಅಥವಾ ತಿನ್ನರಿನಲ್ಲಿ ಒರೆಸುವುದು ಬೇಡ. ತೊಳೆದ ಬಿಲ್ಲೆ ಬೇಗ ನೀರು ಹಿಡಿಯುತ್ತದೆ, ಎಣ್ಣೆ ಕೈ ತಾಗಿದ ಬಿಲ್ಲೆಯ ಮೇಲೆ ಗುಳ್ಳೆ ಕೂರುತ್ತದೆ.

ನಮ್ಮ ಜಲಾಶಯದ ತಳವನ್ನೂ ತಿಳಿದಿರಬೇಕು. 1953ರಲ್ಲಿ ನೀರು ನಿಲ್ಲಿಸಿದಾಗ ಇದರ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು, ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿಎಂಸಿ. ಆ ವ್ಯತ್ಯಾಸವೆಲ್ಲ ಹೂಳು, ಅದು ಮಲಗಿರುವುದು ನಿಮ್ಮ ಬಲೆಯ ಕೆಳಗೆ. ಮೆತ್ತನೆಯ ಹೂಳು ಸದ್ದನ್ನು ಹೀರಿಕೊಳ್ಳುತ್ತದೆ. ಆಗ ತಳದ ಗೆರೆ ಮಸುಕಾಗಿ, ಅಂಚು ಸ್ಪಷ್ಟವಿಲ್ಲದೆ, ಆಳದ ಅಂಕೆ ಎರಡು ಮೂರು ಅಡಿ ಹಿಂದೆ ಮುಂದೆ ಜಿಗಿಯುತ್ತದೆ. ಅದು ಕೆಟ್ಟದ್ದಲ್ಲ, ತಳ ಹಾಗಿದೆ. ದಡದ ಬಂಡೆಯ ಮೇಲೆ ಬಂದಾಗ ಗೆರೆ ಚೂಪಾಗಿ, ಅದರ ಎರಡರಷ್ಟು ಆಳದಲ್ಲಿ ಇನ್ನೊಂದು ತೆಳು ಗೆರೆ ಕಾಣುತ್ತದೆ. ಸದ್ದು ಬಂಡೆಗೂ ನೀರಿನ ಮೇಲ್ಮೈಗೂ ನಡುವೆ ಎರಡು ಸಲ ಓಡಾಡಿದ್ದರ ಗುರುತು ಅದು. ಹತ್ತು ಅಡಿ ನೀರಿನಲ್ಲಿ ಯಂತ್ರ ಇಪ್ಪತ್ತು ಎಂದು ಹಠ ಹಿಡಿದರೆ ಸೆನ್ಸಿಟಿವಿಟಿ ಇಳಿಸಿ, ಅಂಕೆ ಸರಿಹೋಗುತ್ತದೆ.

ಕೊನೆಗೆ ಬರಿಗೈಯ ಮಾತು. ಪರದೆಯ ಮೇಲೆ ಬರುವ ಮೀನಿನ ಚಿತ್ರವನ್ನು ಯಂತ್ರ ನೋಡಿ ಬರೆದದ್ದಲ್ಲ, ಊಹಿಸಿ ಬರೆದದ್ದು. ನೀರಿನ ನಡುವೆ ಏನಾದರೂ ಸದ್ದನ್ನು ಹಿಂದಿರುಗಿಸಿದರೆ ಅದು ಮೀನಿನ ಚಿತ್ರ ಇಡುತ್ತದೆ. ಮುಳುಗಿದ ಮರದ ಕೊಂಬೆಗೂ ಇಡುತ್ತದೆ, ತೇಲುವ ಕಸಕ್ಕೂ ಇಡುತ್ತದೆ. ಈ ಚಿತ್ರ ಇಡುವ ಫಿಶ್ ಐಡಿ ಎಂಬ ಸೆಟ್ಟಿಂಗ್ ಆಫ್ ಮಾಡಿ, ಬರಿ ಗೆರೆಗಳನ್ನು ಓದುವುದನ್ನು ಕಲಿಯಿರಿ. ಮೊದಲ ವಾರ ಕಷ್ಟ, ಆಮೇಲೆ ಚಿತ್ರ ಬೇಕೆನಿಸುವುದಿಲ್ಲ. ದೋಣಿ ಮೆಲ್ಲಗೆ ಸಾಗುವಾಗ ಕೆಳಗೆ ಮೀನಿದ್ದರೆ ಕಮಾನಿನ ಆಕಾರ ಬರುತ್ತದೆ. ಮೀನು ಸದ್ದಿನ ಹರವಿನ ಅಂಚಿಗೆ ಬಂದಾಗ ದೂರ, ನಡುವಿಗೆ ಬಂದಾಗ ಹತ್ತಿರ, ಮತ್ತೆ ದೂರ, ಅದಕ್ಕೇ ಕಮಾನು. ಕಮಾನಿನ ಒಂದು ಮಗ್ಗುಲು ಮಾತ್ರ ಬರುತ್ತಿದ್ದರೆ ಬಿಲ್ಲೆ ವಾಲಿದೆ ಎಂದು ತಿಳಿಯಿರಿ. ದೋಣಿ ನಿಂತಿದ್ದು ಮೀನೂ ನಿಂತಿದ್ದರೆ ಉದ್ದ ಗೆರೆಯಷ್ಟೇ ಬರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಪರದೆಯ ಬಲ ಅಂಚಿನಲ್ಲಿರುವುದು ಮಾತ್ರ ಈಗಿನದು. ಎಡಕ್ಕೆ ಸರಿದದ್ದೆಲ್ಲ ಆಗಲೇ ದಾಟಿ ಬಂದ ಜಾಗ. ಎಡಗಡೆ ಮೀನು ಕಂಡಿತೆಂದು ಎಡಗಡೆಗೆ ಬಲೆ ಎಸೆದವರನ್ನು ನಾನು ನೋಡಿದ್ದೇನೆ. ಮೀನು ಎಡಕ್ಕಿದೆಯೋ ಬಲಕ್ಕಿದೆಯೋ ಈ ಯಂತ್ರ ಹೇಳುವುದೇ ಇಲ್ಲ, ಕೆಳಗಿನ ಒಂದು ವೃತ್ತದೊಳಗೆ ಎಲ್ಲೋ ಇದೆ ಎನ್ನುತ್ತದೆ. ಆ ವೃತ್ತದ ಅಳತೆ ಫ್ರೀಕ್ವೆನ್ಸಿಯ, ಅಂದರೆ ಹರಳು ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂಬುದರ ಮೇಲೆ ನಿಂತಿದೆ. 200 ಕಿಲೋಹರ್ಟ್ಸ್ ಇಟ್ಟರೆ ಸಾಮಾನ್ಯವಾಗಿ 20 ಡಿಗ್ರಿಯ ಹರವು, ಮೂವತ್ತು ಅಡಿ ಕೆಳಗೆ ಹತ್ತೂವರೆ ಅಡಿ ಅಗಲ. 83ಕ್ಕೆ ಇಳಿಸಿದರೆ 60 ಡಿಗ್ರಿ, ಅಗಲ ಸುಮಾರು ಮೂವತ್ತೈದು ಅಡಿ. ಅಗಲ ಹರವಿನಲ್ಲಿ ಹುಡುಕಿ, ಕಂಡ ಮೇಲೆ 200ಕ್ಕೆ ಬದಲಿಸಿ ಅದೇ ಜಾಗಕ್ಕೆ ತಿರುಗಿ ಬನ್ನಿ. ಆಗಲೂ ಕಂಡರೆ ಬಲೆ ಬಿಡಿ. ಮೃಗಾಲ್, ಕೊರವದಂತಹ ತಳಕ್ಕಂಟಿ ಮಲಗುವ ಮೀನುಗಳು ತಳದ ಗೆರೆಯಲ್ಲೇ ಸೇರಿಹೋಗುತ್ತವೆ, ಅವುಗಳಿಗೆ ನಿಮ್ಮ ತಂದೆಯವರ ಕಾಲದ ಜಾಗದ ಜ್ಞಾನವೇ ಯಂತ್ರಕ್ಕಿಂತ ಮೇಲು.

ಪರದೆ ಏಪ್ರಿಲ್–ಮೇ ಬಿಸಿಲಿಗೆ ಕಪ್ಪಾದರೆ ಗಾಬರಿ ಬೇಡ, ನೆರಳಿಗಿಟ್ಟರೆ ತಿಳಿಯಾಗುತ್ತದೆ. ತಂಪು ಕನ್ನಡಕ ಹಾಕಿದ್ದರೆ ತೆಗೆದು ನೋಡಿ, ಕೆಲವು ಕನ್ನಡಕಗಳಲ್ಲಿ ಒಳ್ಳೆಯ ಪರದೆಯೂ ಕಪ್ಪಾಗಿ ಕಾಣುತ್ತದೆ.

ಇಷ್ಟು ಮಾಡಿದ ಮೇಲೆ ಒಂದು ಬೆಳಿಗ್ಗೆ ಗಾಳಿಯಿಲ್ಲದ ಹೊತ್ತಿನಲ್ಲಿ ಪರೀಕ್ಷೆ ಮಾಡಿ. ದೋಣಿ ಕಟ್ಟಿಹಾಕಿ, ಮೋಟಾರ್ ನಿಲ್ಲಿಸಿ, ಗುಂಡುಕಲ್ಲು ಕಟ್ಟಿದ ಹಗ್ಗ ಬಿಟ್ಟು ಅಳೆದು, ಯಂತ್ರದ ಅಂಕೆಯ ಜೊತೆ ಹೋಲಿಸಿ. ಬಕೆಟ್ಟಿನಲ್ಲೋ ಡ್ರಮ್ಮಿನಲ್ಲೋ ನೋಡಬೇಡಿ. ಎರಡು ಮೂರು ಅಡಿಯೊಳಗಿನ ಪ್ರತಿಧ್ವನಿಯನ್ನು ಬಹುಪಾಲು ಯಂತ್ರಗಳು ಹಿಡಿಯಲಾರವು, ಸರಿಯಿದ್ದದ್ದೂ ಕೆಟ್ಟಂತೆ ಕಾಣುತ್ತದೆ. ತುಂಬಿದ ಬ್ಯಾಟರಿ, ತೊಳೆದ ಬಿಲ್ಲೆ, ಶುದ್ಧ ಪ್ಲಗ್, ನಿಂತ ನೀರು, ಇಷ್ಟಿದ್ದೂ ತಳ ಬರದಿದ್ದರೆ ಆಗ ಟ್ರಾನ್ಸ್‌ಡ್ಯೂಸರನ್ನು ಅನುಮಾನಿಸಬೇಕು. ಕೇಬಲ್ಲನ್ನು ಉದ್ದಕ್ಕೂ ಬೆರಳಲ್ಲಿ ಹಿಡಿದು ಸವರಿ ನೋಡಿ. ಇಲಿ ಕಚ್ಚಿದ, ಕಲ್ಲಿಗೆ ಸಿಕ್ಕಿ ಚಪ್ಪಟೆಯಾದ ಜಾಗ ಕೈಗೆ ಸಿಗುತ್ತದೆ. ಹೊಸ ಬಿಲ್ಲೆ ಕೊಂಡರೆ ಫ್ರೀಕ್ವೆನ್ಸಿಯೂ ಪಿನ್ನಿನ ಜೋಡಣೆಯೂ ನಿಮ್ಮ ಮಾದರಿಗೆ ಹೊಂದಬೇಕು, ಪ್ಲಗ್ ಒಳಗೆ ಹೋಯಿತೆಂದು ಕೊಳ್ಳಬೇಡಿ.

ರಿಪೇರಿಗೆ ಒಯ್ಯುವುದೇ ಆದರೆ ಪರದೆಯ ಪೆಟ್ಟಿಗೆಯೊಂದನ್ನೇ ಒಯ್ಯಬೇಡಿ. ಬ್ಯಾಟರಿ, ವೈರ್, ಟ್ರಾನ್ಸ್‌ಡ್ಯೂಸರ್, ಕಟ್ಟುವ ಪೈಪು ಎಲ್ಲವನ್ನೂ ದೋಣಿಯಲ್ಲಿ ಇದ್ದ ಹಾಗೆಯೇ ಒಯ್ಯಿರಿ. ಗಂಗಾವತಿಗೆ ಬಂದರೆ ನನ್ನ ಅಂಗಡಿಯ ಹಿಂದೆ ನಲವತ್ತು ಅಡಿಯ ಬಾವಿ ಇದೆ, ನಡುವಿಗೆ ಇಳಿಬಿಟ್ಟು ಇಬ್ಬರೂ ಸೇರಿ ನೋಡೋಣ.